ಕಾರಿನ ಬೆನ್ನಿಗೊಂದು ಪುಟ್ಟ ಗಾಡಿ: ಊರಿನ ದಾರಿಗೆ ಹಾಟ್ ರಾಡ್ ಕಲಿಸುವ ಪಾಠ

ಹೈದರಾಬಾದ್: ಜನವರಿ ಬಂತೆಂದರೆ ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದ ಸುತ್ತಮುತ್ತ ಕಾಲಿಡಲು ಜಾಗವಿರುವುದಿಲ್ಲ. ಊರೆಲ್ಲ 'ನುಮಾಯಿಷ್' ಎಂದೇ ಕರೆಯುವ ಅಖಿಲ ಭಾರತ ಕೈಗಾರಿಕಾ ವಸ್ತುಪ್ರದರ್ಶನ 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಆರಂಭಗೊಂಡು, 1946ರಲ್ಲಿ ಈ ಮೈದಾನಕ್ಕೆ ಸ್ಥಳಾಂತರಗೊಂಡಿತು. ಕಾಶ್ಮೀರದ ಶಾಲು, ಲಕ್ನೋದ ಚಿಕನ್ ಕಸೂತಿ ಬಟ್ಟೆ, ಒಣಹಣ್ಣು, ಚಾದರ, ಪಾತ್ರೆ ಪಗಡೆ ಎಂದು ಕೈಚೀಲಗಳು ತುಂಬುತ್ತವೆ. ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಈ ಖರೀದಿಯ ಅರ್ಧ ಪಾಲು ಮನೆಗಲ್ಲ, ಊರಿಗೆ. ಬೀದರಿನ ಅಕ್ಕನಿಗೆ ಒಂದು, ಕಲಬುರಗಿಯ ಅತ್ತೆಗೆ ಇನ್ನೊಂದು, ರಾಯಚೂರಿನಲ್ಲಿರುವ ಅಜ್ಜಿಗೆ ಮತ್ತೊಂದು!

ಪ್ರಶ್ನೆ ಹುಟ್ಟುವುದು ಆಮೇಲೆ. ಇಷ್ಟೆಲ್ಲ ಸಾಮಾನನ್ನು ಊರಿಗೆ ಒಯ್ಯುವುದು ಹೇಗೆ?

ಹಿಂದಿನವರಿಗೆ ಉತ್ತರ ಸುಲಭವಾಗಿತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಓದು, ನೌಕರಿ, ಕೋರ್ಟು ಕಚೇರಿ ಎಂದು ಆ ಭಾಗದ ಜನರು ಹೈದರಾಬಾದಿಗೆ ಬಂದು ಹೋಗುತ್ತಿದ್ದರು. 1907ರಲ್ಲಿ ನಿರ್ಮಾಣವಾದ ನಾಂಪಲ್ಲಿ ರೈಲು ನಿಲ್ದಾಣ ಅಂಥ ಪ್ರಯಾಣಿಕರ ಹೆಬ್ಬಾಗಿಲು. ತಗಡಿನ ಟ್ರಂಕು, ಹೋಲ್ಡಾಲು, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಹಮಾಲರ ತಲೆಗೇರಿಸಿದರೆ ಆಯಿತು. ಉಳಿದದ್ದು ರೈಲಿನ ಪಾಲಿಗೆ.

ಇಂದು ಮನೆಯ ಮುಂದೆ ಕಾರಿದೆ. ಬೀದರಿಗೆ ಸುಮಾರು 140 ಕಿಲೋಮೀಟರ್, ಕಲಬುರಗಿಗೆ 220ರ ಆಸುಪಾಸು, ಬೆಂಗಳೂರಿಗೆ 570ರಷ್ಟು ದೂರ. ಮುಂಜಾನೆ ಹೊರಟರೆ ಬೀದರಿನಲ್ಲಿ ತಿಂಡಿ. ಆದರೆ ಕಾರಿನ ಡಿಕ್ಕಿ ಸಂಸಾರದ ಜತೆ ಬೆಳೆಯುವುದಿಲ್ಲ. ಸಿಎನ್‌ಜಿ ಸಿಲಿಂಡರ್ ಕೂರಿಸಿದ ಕಾರಾದರಂತೂ ಡಿಕ್ಕಿ ಅರ್ಧಕ್ಕರ್ಧ ಮಾಯ. ಉಳಿದ ಗಂಟುಮೂಟೆ ಮಾಡಿನ ಮೇಲೇರುತ್ತದೆ, ಇಲ್ಲವೇ ಹಿಂಬದಿ ಸೀಟಿನಲ್ಲಿ ಕೂತ ಹಿರಿಯರ ಕಾಲ ಬುಡಕ್ಕೆ ಸೇರುತ್ತದೆ. ಹೊರದೇಶದ ಹವ್ಯಾಸಿಗಳು ಇದೇ ತೊಂದರೆಗೆ ಕಂಡುಕೊಂಡ ಉಪಾಯವೊಂದು ಇಲ್ಲಿ ಮೆಲುಕು ಹಾಕಲು ಯೋಗ್ಯವಾಗಿದೆ.

ಏನಿದು ಹಾಟ್ ರಾಡ್?

ಹಳೆಯ ಕಾರನ್ನು ಅಗ್ಗದಲ್ಲಿ ಕೊಂಡು, ಬೇಡದ ಭಾಗಗಳನ್ನು ಕಿತ್ತು ಹಗುರ ಮಾಡಿ, ಬಲವಾದ ಎಂಜಿನ್ ಕೂರಿಸಿ ಓಡಿಸುವ ಹವ್ಯಾಸಕ್ಕೆ ಅಮೆರಿಕದಲ್ಲಿ ದೊಡ್ಡ ಚರಿತ್ರೆಯೇ ಇದೆ. ಅಂಥ ಕಾರಿಗೆ 'ಹಾಟ್ ರಾಡ್' ಎಂದು ಹೆಸರು. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ತರುಣರು ಇಂಥ ಕಾರುಗಳ ವೇಗ ಪರೀಕ್ಷೆ ನಡೆಸುತ್ತಿದ್ದರು. 1937ರಲ್ಲಿ ಅವರದೇ ಸಂಘವೂ ಹುಟ್ಟಿತು. 1932ರ ಫೋರ್ಡ್ ಕಾರು ಇವರ ಅಚ್ಚುಮೆಚ್ಚು. ಸಾಮಾನ್ಯ ಜನರ ಕೈಗೆಟಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ 'ವಿ-8' ಎಂಜಿನ್ ಬಂದದ್ದು ಅದರಲ್ಲೇ. 1948ರ ಜನವರಿಯಲ್ಲಿ ಇದೇ ಹೆಸರಿನ ಮಾಸಪತ್ರಿಕೆ ಹೊರಬಂತು. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾ ನಗರದಲ್ಲಿ ಇಂಥ ಕಾರುಗಳ ಮೊದಲ ರಾಷ್ಟ್ರೀಯ ಸಮಾವೇಶ ಜರಗಿತು.

ಸಮಾವೇಶಕ್ಕೆ ಹೋಗಬೇಕೆಂದರೆ ನೂರಾರು ಮೈಲಿ ಪಯಣ. ಹೆಂಡತಿ ಮಕ್ಕಳೊಂದಿಗೆ ಹೊರಟವರಿಗೆ ಎದುರಾದದ್ದು ನಮ್ಮದೇ ಸಮಸ್ಯೆ. ಹಳೆಯ ಕಾರಿನಲ್ಲಿ ಡಿಕ್ಕಿ ಎಂಬುದು ಹೆಸರಿಗಷ್ಟೇ. ಹಾಗಾಗಿ ಕಾರಿನ ಹಿಂದೆ ಒಂದು ಅಚ್ಚು, ಎರಡು ಗಾಲಿಯ ಪುಟ್ಟ ಟ್ರೇಲರ್ ಕಟ್ಟಿಕೊಳ್ಳುವ ರೂಢಿ ಬೆಳೆಯಿತು. ಹಳೆ ಕಾರಿನ ಹಿಂಭಾಗವನ್ನೇ ಕತ್ತರಿಸಿ ಟ್ರೇಲರ್ ಮಾಡಿ, ಕಾರಿಗೆ ಬಳಿದ ಬಣ್ಣವನ್ನೇ ಅದಕ್ಕೂ ಬಳಿದು, ಅದೇ ಮಾದರಿಯ ಗಾಲಿ ಹಾಕುವ ಉತ್ಸಾಹಿಗಳೂ ಇದ್ದಾರೆ. ತಾಯಿಯ ಹಿಂದೆ ಮಗು ನಡೆದಂತೆ ಕಾಣುವ ಈ ಜೋಡಿ ನೋಡುಗರ ಕಣ್ಣಿಗೆ ಹಬ್ಬ.

ನಮ್ಮಲ್ಲೂ ಇತ್ತು ಜೀಪಿನ ಟ್ರೇಲರ್

ಇದೇನೂ ನಮಗೆ ಅಪರಿಚಿತ ನೋಟವಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ ಓಡಾಡಿದವರಿಗೆ ಜೀಪಿನ ಹಿಂದೆ ಗೊಬ್ಬರದ ಮೂಟೆಯನ್ನೋ, ಕಾಫಿ ಚೀಲವನ್ನೋ ಹೊತ್ತ ಪುಟ್ಟ ಟ್ರೇಲರ್ ನೆನಪಿದ್ದೀತು. ಅದರ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ 1940ರ ಸೆಪ್ಟೆಂಬರಿನಲ್ಲಿ ಮೊತ್ತಮೊದಲ ಜೀಪನ್ನು ಸೈನ್ಯಕ್ಕೆ ಒಪ್ಪಿಸಿತು. ಆದರೆ ಜೀಪು ತಯಾರಿಯ ದೊಡ್ಡ ಗುತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾಯಿತು. ಬ್ಯಾಂಟಮ್‌ಗೆ ಸಿಕ್ಕಿದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರ್ ತಯಾರಿ. ಅದು 500 ಪೌಂಡ್, ಎಂದರೆ ಸುಮಾರು 227 ಕಿಲೋ ಹೊರೆ ಹೊರಲು ರೂಪಿಸಿದ್ದ ಗಾಡಿ. ನೀರಿಗಿಳಿದರೆ ತೇಲುವಂತೆಯೂ ಅದನ್ನು ಕಟ್ಟಿದ್ದರು. ಯುದ್ಧ ಮುಗಿದ ಮೇಲೆ 1947ರಿಂದ ಮಹೀಂದ್ರ ಸಂಸ್ಥೆ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿತು. ಜೀಪಿನ ಬೆನ್ನಿಗೆ ಟ್ರೇಲರೂ ತೋಟದ ಹಾದಿ ಹತ್ತಿತು.

ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ಟ್ರೇಲರ್ ಎಂದರೆ ನಾಲ್ಕು ಕಬ್ಬಿಣದ ಪಟ್ಟಿ, ಎರಡು ಗಾಲಿ ಎಂದು ಯಾರಾದರೂ ತಿಳಿದರೆ ಅಪಾಯ ತಪ್ಪಿದ್ದಲ್ಲ. ಇಲ್ಲಿ ಜೀವದ ಪ್ರಶ್ನೆ ಇದೆ. ಆದ್ದರಿಂದ ಅದರ ಲೆಕ್ಕಾಚಾರ ತುಸು ತಿಳಿದಿರುವುದು ಒಳಿತು.

ಮೊದಲನೆಯದು ಭಾರದ ಹಂಚಿಕೆ. ಎತ್ತಿನ ಬಂಡಿ ಹೂಡಿದ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಂಡಿಯ ಹಿಂಭಾಗಕ್ಕೆ ಹೊರೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ತೀರಾ ಮುಂದೆ ಬಿದ್ದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನದೂ ಅದೇ ಕತೆ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಭಾರ ಕಾರಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಅಮೆರಿಕದ ರೂಢಿ. ಅಂದರೆ 200 ಕಿಲೋ ತೂಗುವ ಟ್ರೇಲರಾದರೆ ಕೊಂಡಿಯ ಮೇಲೆ 20ರಿಂದ 30 ಕಿಲೋ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ವೇಗ ಏರಿದಂತೆ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಓಲಾಟ ಕೈಮೀರಿದರೆ ಕಾರನ್ನೂ ಜತೆಗೆಳೆದು ಉರುಳಿಸೀತು. ಆಗ ಗಾಬರಿಯಿಂದ ಸ್ಟೇರಿಂಗ್ ತಿರುವುವುದಾಗಲಿ, ಬ್ರೇಕನ್ನು ಬಲವಾಗಿ ತುಳಿಯುವುದಾಗಲಿ ಸಲ್ಲದು. ಸ್ಟೇರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಬಳಿಕ ಬದಿಗೆ ನಿಲ್ಲಿಸಿ ಸಾಮಾನು ಮುಂದಕ್ಕೆ ಸರಿಸಬೇಕು.

ಎರಡನೆಯದು ಬ್ರೇಕು. ಇಂಥ ಪುಟ್ಟ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಬ್ರೇಕ್ ಇರುವುದಿಲ್ಲ. ಅಷ್ಟೂ ಭಾರವನ್ನು ಕಾರಿನ ಬ್ರೇಕೇ ತಡೆಯಬೇಕು. ಗಂಟೆಗೆ 60 ಕಿಲೋಮೀಟರ್ ಇದ್ದ ವೇಗವನ್ನು 80ಕ್ಕೆ ಏರಿಸಿದರೆ ಬ್ರೇಕು ತಡೆಯಬೇಕಾದ ಶಕ್ತಿ ಮುಕ್ಕಾಲು ಪಾಲಿಗೂ ಮಿಗಿಲಾಗಿ ಹೆಚ್ಚುತ್ತದೆ. ಹೆದ್ದಾರಿಗಳು ವಿಶಾಲವಾಗಿರುವ ಕ್ಯಾಲಿಫೋರ್ನಿಯಾದಲ್ಲೇ ಟ್ರೇಲರ್ ಎಳೆಯುವ ಕಾರಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿಯಿದೆ. ಊರೂರಿಗೂ ರಸ್ತೆ ಉಬ್ಬು, ಅಡ್ಡ ಬರುವ ಎಮ್ಮೆ, ಎದುರಿನಿಂದ ಬರುವ ಟ್ರ್ಯಾಕ್ಟರ್ ಇರುವ ನಮ್ಮ ದಾರಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ವೇಗವೇ ಕ್ಷೇಮ.

ಮೂರನೆಯದು ಗಾಲಿ. ಕಾರಿನ ಟಯರಿನ ವ್ಯಾಸ 60 ಸೆಂಟಿಮೀಟರ್, ಟ್ರೇಲರಿನದು 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬೀದರ್ ತಲಪುವಷ್ಟರಲ್ಲಿ ಕಾರಿನ ಗಾಲಿ ಸುಮಾರು 74 ಸಾವಿರ ಸುತ್ತು ತಿರುಗಿದರೆ ಟ್ರೇಲರಿನ ಗಾಲಿ 1 ಲಕ್ಷ 11 ಸಾವಿರ ಸುತ್ತು ತಿರುಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೇರಿಂಗ್ ಕಾಯುವುದು, ಗ್ರೀಸ್ ಕರಗಿ ಸೋರುವುದು ಈ ಕಾರಣಕ್ಕೇ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಲಿಯ ನಡುಭಾಗದ ಬಳಿ ಕೈ ಹಿಡಿದು ಬಿಸಿ ನೋಡುವುದು, ಕೊಂಡಿಯ ಪಿನ್ನು, ಹಗ್ಗ ಪರೀಕ್ಷಿಸುವುದು ರೂಢಿಯಾಗಬೇಕು. ಟ್ರೇಲರಿಗೆ ಹೊಂದುವ ಸ್ಟೆಪ್ನಿ ಬೇರೆಯೇ ಬೇಕು. ಕಾರಿನದು ಅದಕ್ಕೆ ಕೂರದು.

ಕೊಂಡಿ ಕಳಚಿದರೂ ಟ್ರೇಲರ್ ಬೇರಾಗದಂತೆ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವಂತೆ ಕಟ್ಟುವುದು ಕಡ್ಡಾಯ ಎನ್ನುತ್ತಾರೆ ಅನುಭವಿಗಳು. ಮೂತಿ ಕೆಳಗೆ ಬಿದ್ದರೂ ಸರಪಳಿ ತೊಟ್ಟಿಲಿನಂತೆ ಅದನ್ನು ಹಿಡಿದಿಡುತ್ತದೆ. ಹಿಂಬದಿಯ ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್ ಟ್ರೇಲರಿಗೂ ಬೇಕು. ರಾತ್ರಿ ಹೊತ್ತು ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗೆ ಹಿಂದಿನಿಂದ ಗುದ್ದಿ ಮನೆಯ ದೀಪಗಳೇ ಆರಿಹೋದ ಸುದ್ದಿಗಳನ್ನು ನಾವು ಆಗಾಗ ಓದುತ್ತಲೇ ಇರುತ್ತೇವೆ. ಟ್ರೇಲರಿನಲ್ಲಿ ಮಕ್ಕಳನ್ನಾಗಲಿ, ದೊಡ್ಡವರನ್ನಾಗಲಿ ಕೂರಿಸುವ ಯೋಚನೆಯೇ ಬೇಡ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 'ಮೋಟಾರು ವಾಹನ' ಎಂಬ ಪದದಲ್ಲಿ ಟ್ರೇಲರೂ ಸೇರಿದೆ. ಅಂದರೆ ಅದಕ್ಕೆ ಎಂಜಿನ್ ಇಲ್ಲದಿದ್ದರೂ ಅದರದೇ ನೋಂದಣಿ ಬೇಕು. ಬೀದಿಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಕಾರಿಗೆ ಸಿಕ್ಕಿಸಿ ಹೊರಟುಬಿಡುವಂತಿಲ್ಲ. ಮುಂಚಿತವಾಗಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ವಿಮಾ ಕಂಪೆನಿಯನ್ನೂ ಲಿಖಿತವಾಗಿ ಕೇಳಬೇಕು. ತಮ್ಮ ಕಾರು ಎಷ್ಟು ಭಾರ ಎಳೆಯಬಲ್ಲದು, ಎಳೆಯಲು ತಯಾರಕರ ಒಪ್ಪಿಗೆ ಇದೆಯೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಒಪ್ಪಿಗೆ ಇಲ್ಲವೆಂದಾದರೆ ಆಸೆ ಅಲ್ಲಿಗೇ ಬಿಡುವುದು ಲೇಸು.

ಇನ್ನು ಹಾಟ್ ರಾಡ್ ಆಸೆಗೆ ನಮ್ಮಲ್ಲಿ ಇನ್ನೂ ದೊಡ್ಡ ತಡೆಯಿದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. 2021ರಲ್ಲಿ ಕೇಂದ್ರ ಸರಕಾರ ರೂಪಿಸಿದ ವಿಂಟೇಜ್ ವಾಹನ ನಿಯಮದಡಿ 50 ವರ್ಷ ದಾಟಿದ ವಾಹನಗಳಿಗೆ ವಿಶೇಷ ನೋಂದಣಿಯೇನೋ ದೊರೆಯುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಕಣ್ತುಂಬ ನೋಡಿ ಸಂತೋಷಪಡಲು ಮಾತ್ರ ನಮ್ಮಲ್ಲಿ ಕೊರತೆಯಿಲ್ಲ. ನಿಜಾಮರಿಗಾಗಿ 1912ರಲ್ಲಿ ತಯಾರಾದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಚೌಮಹಲ್ಲಾ ಅರಮನೆಯಲ್ಲಿದೆ. ಬ್ಯಾಟು, ಚೆಂಡು, ಬೂಟು, ಸೋಫಾಗಳ ಆಕಾರದಲ್ಲಿ ಕೈಯಾರೆ ಕಾರು ಕಟ್ಟಿದ ಕೆ. ಸುಧಾಕರ್ ಅವರು 2010ರಲ್ಲಿ ಬಹದ್ದೂರ್‌ಪುರದಲ್ಲಿ ಸುಧಾ ಕಾರ್ಸ್ ಮ್ಯೂಸಿಯಂ ತೆರೆದರು. ಕರ್ನಾಟಕದತ್ತ ಹೋದರೆ ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹವಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭಗೊಂಡ 'ಪಯಣ' ವಸ್ತುಸಂಗ್ರಹಾಲಯವಿದೆ.

ಊರಿಗೆ ಹೊರಡುವ ಮುನ್ನ

ಟ್ರೇಲರ್ ಇರಲಿ, ಇಲ್ಲದಿರಲಿ, ಹಾಟ್ ರಾಡ್ ಹವ್ಯಾಸಿಗಳ ಒಂದು ಗುಣ ನಾವು ಕಲಿಯಬೇಕಾದ್ದು. ಅವರು ಹೊರಡುವ ಮುನ್ನ ತೂಕ ನೋಡುತ್ತಾರೆ. ನಾವು ಜಾಗ ನೋಡುತ್ತೇವೆ! ಮಾಡಿನ ಮೇಲೆ ಎಷ್ಟು ಹಿಡಿಸುತ್ತದೆ ಎಂಬುದಲ್ಲ, ಎಷ್ಟು ಹೇರಬಹುದು ಎಂಬುದು ಮುಖ್ಯ. ಸಾಮಾನ್ಯ ಕಾರುಗಳಲ್ಲಿ ಈ ಮಿತಿ ಕ್ಯಾರಿಯರ್ ತೂಕವೂ ಸೇರಿ 50ರಿಂದ 75 ಕಿಲೋ ಆಸುಪಾಸು. ಒಂದೊಂದು ಅಕ್ಕಿ ಮೂಟೆ 25 ಕಿಲೋ ಎಂದು ನೆನಪಿಟ್ಟರೆ ಲೆಕ್ಕ ತಾನೇ ಬಿಡಿಸಿಕೊಳ್ಳುತ್ತದೆ. ಮಾಡಿನ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರು ವಾಲುವುದು ಹೆಚ್ಚು. ಭಾರದ ವಸ್ತು ಡಿಕ್ಕಿಯ ತಳದಲ್ಲಿ, ಸೀಟಿಗೆ ಒತ್ತಿಕೊಂಡಂತೆ ಇರಲಿ. ಹಗುರವಾದ ಚಾದರ, ಬಟ್ಟೆ ಗಂಟು ಮೇಲಿರಲಿ. ಹಿಂದಿನ ಗಾಜಿನ ಬಳಿ ಸ್ಟೀಲ್ ಡಬ್ಬ, ತೆಂಗಿನಕಾಯಿ ಇಡಬೇಡಿ. ಥಟ್ಟನೆ ಬ್ರೇಕ್ ಹಾಕಿದಾಗ ಅವು ನೇರವಾಗಿ ಮುಂದೆ ಕೂತವರ ತಲೆಗೆ ಬರುತ್ತವೆ. ಪೂರ್ತಿ ಹೊರೆಗೆ ತಕ್ಕ ಗಾಳಿಯ ಒತ್ತಡ ಎಷ್ಟೆಂದು ಕೈಪಿಡಿಯಲ್ಲೋ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲೋ ಬರೆದಿರುತ್ತದೆ. ಅಷ್ಟು ಗಾಳಿ ತುಂಬಿಸಿಕೊಳ್ಳಿ.

ಆದರೂ ಸಾಮಾನು ಉಳಿದರೆ? ರೈಲಿನ ಪಾರ್ಸೆಲ್ ಇದೆ, ಬಸ್ಸಿನ ಪಾರ್ಸೆಲ್ ಸೇವೆಗಳಿವೆ. ಎರಡು ದಿನ ಮೊದಲೇ ಕಳುಹಿಸಿದರೆ ನಾವು ತಲಪುವ ಹೊತ್ತಿಗೆ ಅದೂ ತಲಪಿರುತ್ತದೆ.

ನಮ್ಮ ಸಂಘ ಸಂಸ್ಥೆಗಳಿಗೂ ಇದು ಅನ್ವಯಿಸುವ ಮಾತು. ರಾಜ್ಯೋತ್ಸವಕ್ಕೆ, ನಾಟಕಕ್ಕೆ, ಯಕ್ಷಗಾನಕ್ಕೆ ಎಂದು ಪರದೆ, ಹಾರ್ಮೋನಿಯಂ, ಧ್ವನಿವರ್ಧಕಗಳನ್ನು ಸದಸ್ಯರ ಕಾರುಗಳ ಮೇಲೆ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ನಾಲ್ಕು ಕಾರುಗಳ ಮೇಲೆ ನಾಲ್ಕು ಬಗೆಯಲ್ಲಿ ಕಟ್ಟುವ ಬದಲು ಸಂಘದ ಲೆಕ್ಕದಲ್ಲಿ ಒಂದು ಪುಟ್ಟ ಸರಕು ವಾಹನ ಬಾಡಿಗೆಗೆ ಹಿಡಿದರೆ ಖರ್ಚು ಹಂಚಿಹೋಗುತ್ತದೆ, ಸದಸ್ಯರೂ ನಿಶ್ಚಿಂತೆಯಿಂದ ಪ್ರಯಾಣಿಸಬಹುದು. ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಂಡರೆ ಒಳ್ಳೆಯದು. ಯುಗಾದಿಗೆ ಊರಿಗೆ ಹೊರಡುವ ಬಂಧುಗಳು ಹಿಂದಿನ ರಾತ್ರಿಯೇ ಕಾರಿನ ಕೈಪಿಡಿ ತೆರೆದು, ಮನೆಯ ತಕ್ಕಡಿ ಹೊರಗೆ ತೆಗೆದು, ಗಂಟು ಕಟ್ಟಲು ಕೂರಲಿ.