ನೀರು ಎಲ್ಲಿ ಹೋಗ್ತಾ ಇದೆ, ಮೊದಲು ಅದನ್ನು ಹುಡುಕಿ

ಲಾರಿಯ ದುಡಿಮೆಯಿಂದ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಬಹಳ. ಮದರಸಕ್ಕೆ ಬರುವ ಮಕ್ಕಳಲ್ಲಿ ಬಾಪ ಡ್ರೈವರ್ ಆಗಿರುವವರು ಇದ್ದಾರೆ, ಅಣ್ಣ ಕ್ಲೀನರ್ ಆಗಿರುವವರೂ ಇದ್ದಾರೆ. ಮಂಗಳೂರು, ಉಡುಪಿ ಕಡೆಯಿಂದ ಲೋಡು ತುಂಬಿಸಿ ಭಟ್ಕಳ, ಹೊನ್ನಾವರ ದಾಟಿ, ಕುಮಟಾದಲ್ಲಿ ಬಲಕ್ಕೆ ತಿರುಗಿ ಶಿರಸಿಗೆ ಹೊರಟರೆ ದೇವಿಮನೆ ಘಟ್ಟ ಸಿಗುತ್ತದೆ. ಯಾಣದ ಕಲ್ಲು ನೋಡಲು ಬರುವವರಿಗೆ ಈ ಕಾಡಿನ ದಾರಿ ಚಂದ. ಲೋಡು ಹೊತ್ತವನ ಕಣ್ಣು ಮಾತ್ರ ಮರಗಳ ಮೇಲಲ್ಲ, ಇಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ ಇರುತ್ತದೆ.

ಮುಳ್ಳು ಮೇಲೇರಿದ ಕೂಡಲೇ ಗಾಡಿ ನಿಲ್ಲಿಸಿ, ಹೊಳೆಯಿಂದ ಒಂದು ಕೊಡ ನೀರು ತಂದು ಹೊಯ್ದು ಮುಂದೆ ಹೋಗುವುದು ನಮ್ಮವರ ಹಳೆಯ ರೂಢಿ. ಹಳೆಯ ಗಾಡಿಗಳು ಅದನ್ನು ತಡೆದುಕೊಂಡವು, ಈಗಿನವು ತಡೆಯುವುದಿಲ್ಲ. ರೇಡಿಯೇಟರಿನ ನೀರು ಮುಚ್ಚಿದ ದಾರಿಯಲ್ಲಿ ತಿರುಗುತ್ತಲೇ ಇರುತ್ತದೆ. ಸರಿಯಿರುವ ಗಾಡಿಯಲ್ಲಿ ಅದು ವಾರ ವಾರ ಕಡಿಮೆಯಾಗಬಾರದು. ಆಗುತ್ತಿದ್ದರೆ ಎಲ್ಲೋ ಹೋಗ್ತಾ ಇದೆ ಎಂದೇ ಅರ್ಥ. ಎಲ್ಲಿಗೆ ಎಂದು ಹುಡುಕದೆ ತುಂಬಿಸುತ್ತಾ ಹೋದರೆ ಕಾಯಿಲೆ ಮುಚ್ಚಿಟ್ಟ ಹಾಗೆ.

ನಮ್ಮ ಪರಿಚಯದ ಮೆಕ್ಯಾನಿಕ್‌ಗಳ ಹತ್ತಿರ ಕೂತು ಕೇಳಿ ತಿಳಿದುಕೊಂಡ ಕ್ರಮ ಹೀಗಿದೆ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೀರಿನ ಮಟ್ಟ ನೋಡಬೇಕು. ಬಿಸಿ ಇಂಜಿನಿನ ಮುಚ್ಚಳ ತೆರೆಯಲೇಬಾರದು. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಕ್ಲೀನರ್ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಆಮೇಲೆ ಹೊರಗಿನ ಸೋರಿಕೆ. ಹೋಸ್ ಪೈಪು, ಅದರ ಕ್ಲಿಪ್ಪು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಕೂಲೆಂಟ್ ಒಣಗಿದ ಕಡೆ ಬಣ್ಣದ ಅಥವಾ ಬಿಳಿ ಕಲೆ ಉಳಿದಿರುತ್ತದೆ.

ಸೋರಿಕೆ ಇಲ್ಲ, ನೀರೂ ಇಳಿದಿಲ್ಲ, ಆದರೂ ಘಟ್ಟ ಹತ್ತುವಾಗ ಮಾತ್ರ ಬಿಸಿಯಾಗುತ್ತದೆ ಎಂದರೆ ಗಾಳಿಯ ಕಡೆ ನೋಡಬೇಕು. ಘಟ್ಟದಲ್ಲಿ ಗಾಡಿ ನಿಧಾನ, ಎದುರು ಗಾಳಿ ಕಡಿಮೆ, ಫ್ಯಾನೇ ಎಲ್ಲ ಕೆಲಸ ಮಾಡಬೇಕು. ಫ್ಯಾನ್ ಕ್ಲಚ್ ಹಿಡಿಯುತ್ತಿಲ್ಲವೋ, ಬೆಲ್ಟು ಜಾರುತ್ತಿದೆಯೋ, ರೇಡಿಯೇಟರಿನ ಮುಂದೆ ಮಣ್ಣು, ಹುಳ ಕಟ್ಟಿದೆಯೋ ಪರೀಕ್ಷಿಸಿ. ಸಮತಟ್ಟಿನ ಹೆದ್ದಾರಿಯಲ್ಲೂ ಬಿಸಿಯಾದರೆ ಥರ್ಮೋಸ್ಟಾಟ್, ವಾಟರ್ ಪಂಪ್, ಒಳಗೆ ಕಟ್ಟಿಕೊಂಡ ರೇಡಿಯೇಟರ್ ಇವುಗಳ ಮೇಲೆ ಸಂಶಯ.

ಇನ್ನು ಕಷ್ಟದ ಪ್ರಶ್ನೆ. ನೀರು ಇಳಿಯುತ್ತದೆ, ಆದರೆ ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತದೆ, ನೀರಿನ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ. ಇದನ್ನು ನೋಡಿದ ಕೂಡಲೇ 'ಹೆಡ್ ಗ್ಯಾಸ್ಕೆಟ್ ಹೋಯ್ತು, ಹೆಡ್ ಬಿಚ್ಚಬೇಕು' ಅನ್ನುವವರಿದ್ದಾರೆ. ಇರಬಹುದು. ಆಯಿಲ್ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ಆ ಸಂಶಯ ಹೆಚ್ಚು. ಆದರೆ ಇದೇ ಲಕ್ಷಣ ತೋರಿಸುವ ಇನ್ನೊಂದು ಭಾಗ ಉಂಟು, ಇಜಿಆರ್ ಕೂಲರ್.

ಇಜಿಆರ್ ಅಂದರೆ ಹೊರಹೋಗುವ ಹೊಗೆಯ ಒಂದು ಪಾಲನ್ನು ತಿರುಗಿ ಇಂಜಿನಿಗೆ ಕಳಿಸುವ ವ್ಯವಸ್ಥೆ. ಇದರಿಂದ ಸಿಲಿಂಡರಿನೊಳಗಿನ ಬೆಂಕಿಯ ಉಷ್ಣ ತಗ್ಗುತ್ತದೆ, ವಿಷಕಾರಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಆ ಸುಡುವ ಹೊಗೆಯನ್ನು ತಂಪು ಮಾಡುವುದು ರೇಡಿಯೇಟರಿನ ಇದೇ ನೀರು. ಕೂಲರಿನ ಒಳಗಿನ ತೆಳು ಕೊಳವೆ ಬಿರುಕು ಬಿಟ್ಟರೆ ನೀರು ಹೊಗೆಯ ದಾರಿಗೆ ಇಳಿದು ಆವಿಯಾಗಿ ಹೋಗುತ್ತದೆ. ಆದ್ದರಿಂದ ಹೆಡ್ ಬಿಚ್ಚುವ ಮೊದಲು ಕೂಲರನ್ನು ಕಳಚಿ, ಗಾಳಿ ಒತ್ತಡ ಹಾಕಿ ಪರೀಕ್ಷೆ ಮಾಡಿ ಎಂದು ಗ್ಯಾರೇಜಿನಲ್ಲಿ ಕೇಳಿ. ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಇದೆ.

ಕೂಲರ್ ಹೋಗಿದೆ ಎಂದು ಗೊತ್ತಾದ ಮೇಲೆ ಒಂದು ಸಲಹೆ ಬರುತ್ತದೆ: 'ಹೊಸದು ಯಾಕೆ ಕಾಕಾ? ಒಂದು ತಗಡು ಇಟ್ಟು ಇಜಿಆರ್ ಬಂದ್ ಮಾಡುವ. ಯೂರಿಯಾ ಖರ್ಚೂ ಬೇಡ, ಒಂದು ಸಣ್ಣ ಡಬ್ಬಿ ಕೂರಿಸಿದ್ರೆ ಕಂಪ್ಯೂಟರಿಗೆ ಗೊತ್ತೇ ಆಗಲ್ಲ.' ಕೇಳಲು ಸುಲಭ, ಅಗ್ಗ. ಆದರೆ ತಗಡು ತಡೆಯುವುದು ಹೊಗೆಯನ್ನು, ಬಿರುಕನ್ನಲ್ಲ. ನೀರು ಕೂಲರಿನೊಳಗೆ ಸೋರುತ್ತಲೇ ಇರುತ್ತದೆ. ಅದು ಸಿಲಿಂಡರಿಗೆ ಇಳಿದರೆ ನೀರನ್ನು ಒತ್ತಿ ಕುಗ್ಗಿಸಲು ಪಿಸ್ಟನಿಗೆ ಆಗುವುದಿಲ್ಲ. ಕನೆಕ್ಟಿಂಗ್ ರಾಡೇ ಬಾಗಬಹುದು. ಘಟ್ಟ ಇಳಿಯುವಾಗ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಇಲ್ಲ. ಟ್ಯಾಂಕಿನಲ್ಲಿ ಉಳಿದ ಗಾಳಿಯೇ ಗತಿ. ಕೂಲರಿನಲ್ಲಿ ಉಳಿಸಿದ ದುಡ್ಡಿಗೆ ಎದುರಾಗಿ ಇಲ್ಲಿ ಒಂದು ಜೀವ ಇದೆ.

ಯೂರಿಯಾದ ಮಾತೂ ಹಾಗೆಯೇ. ನಮ್ಮವರು ಯೂರಿಯಾ ಎನ್ನುವ ಡೆಫ್ ಗದ್ದೆಗೆ ಹಾಕುವ ಗೊಬ್ಬರದ ನೀರಲ್ಲ. ಶುದ್ಧ ನೀರಿನಲ್ಲಿ 32.5 ಶೇಕಡಾ ಯೂರಿಯಾ ಬೆರೆಸಿದ ದ್ರವ. ಸೈಲೆನ್ಸರಿನ ದಾರಿಯಲ್ಲಿ ಇದು ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ದೇಶದಲ್ಲಿ ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಬಂತು. ಬಿಎಸ್-4ರ ದೊಡ್ಡ ಡೀಸೆಲ್ ಇಂಜಿನಿಗೆ ಒಂದು ಯೂನಿಟ್ ಕೆಲಸಕ್ಕೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶ ಇತ್ತು. ಬಿಎಸ್-6ರಲ್ಲಿ ಅದು 0.4 ಗ್ರಾಂಗೆ ಇಳಿಯಿತು. ಕಳ್ಳ ಡಬ್ಬಿ ಕೂರಿಸಿದ ದಿನ ಈ ಲಾಭವೆಲ್ಲ ಹೋಯ್ತು. ಹೊಗೆ ತಪಾಸಣೆಯಲ್ಲಿ ಪಾಸಾಯ್ತಲ್ಲ ಎನ್ನಬೇಡಿ. ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆಯ ಕಪ್ಪನ್ನು ಮಾತ್ರ, ಕಣ್ಣಿಗೆ ಕಾಣದ ಈ ವಿಷವನ್ನಲ್ಲ.

ಆ ವಿಷ ಮೊದಲು ಸೇರುವುದು ಯಾರ ಎದೆಗೆ? ಕ್ಯಾಬಿನಿನಲ್ಲಿ ಮಲಗುವ ಡ್ರೈವರಿಗೆ, ಗಾಡಿ ನಿಲ್ಲಿಸುವ ಓಣಿಯ ಮಕ್ಕಳಿಗೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ನೆರೆಯವರ ಹಕ್ಕಿನ ಬಗ್ಗೆ ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಅವರು ಉಸಿರಾಡುವ ಗಾಳಿಯೂ ಆ ಹಕ್ಕಿನಲ್ಲಿ ಸೇರಿದೆ.

ಕಾನೂನೂ ಸುಮ್ಮನಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಾಲಿನ್ಯ ನಿಯಮ ಮೀರಿದ ಗಾಡಿ ಓಡಿಸಿದವರಿಗೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸನ್ಸ್ ಇಲ್ಲ. ಗಮನಿಸಿ, ಓಡಿಸಿದವರು ಎಂದಿದೆ. ತಗಡು ಹಾಕಿಸಿದ್ದು ಮಾಲೀಕರಾದರೂ ಮೂರು ತಿಂಗಳು ಮನೆಯಲ್ಲಿ ಕೂರುವುದು ನಮ್ಮ ಹುಡುಗ. ಬೇರೆಯವರ ಗಾಡಿ ಓಡಿಸುವವರು ಕೀಲಿಕೈ ತೆಗೆದುಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಬೇಕು.

ಮನೆಯ ಹೆಂಗಸರಿಗೂ ಎರಡು ಮಾತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಉಳಿದದ್ದನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ತುಂಬಿ ಇಡಬೇಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಅದರದ್ದೇ ಕ್ಯಾನಿನಲ್ಲಿ ಇರಲಿ. ಅಂಗಳದಲ್ಲಿ ಚೆಲ್ಲಿದರೆ ಬೆಕ್ಕು ನೆಕ್ಕುವ ಮೊದಲು ತೊಳೆದು ಬಿಡಿ.

ಹಳೆಯ ಕೂಲೆಂಟನ್ನು ಘಟ್ಟದ ತಿರುವಿನಲ್ಲಿ ಬಿಟ್ಟು ಹೋಗುವುದೂ ತಪ್ಪು. ಯಾಣದಲ್ಲಿ ಹುಟ್ಟುವ ಚಂಡಿಕಾ ಹೊಳೆ ಅಘನಾಶಿನಿಯನ್ನು ಸೇರುತ್ತದೆ. ಆ ನದಿಯ ಅಳಿವೆಯಲ್ಲಿ ಬೆಳಚು, ಅಂದರೆ ನಮ್ಮ ಕಡೆಯ ಮರುವಾಯಿ, ಹೆಕ್ಕಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೂ ಸೇರಿತು. ಹಳೆಯದನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಿ.

ಕೊನೆಗೆ, ಘಟ್ಟ ಹತ್ತುವ ಗಾಡಿಯಲ್ಲಿ ಇವಿಷ್ಟು ಇರಲಿ: ಕಂಪೆನಿ ಹೇಳಿದ ಕೂಲೆಂಟ್ ಐದು ಲೀಟರ್, ಒಂದು ಕ್ಯಾನ್ ಡೆಫ್, ಎರಡು ಹೋಸ್ ಕ್ಲಿಪ್ಪು, ಒಂದು ಟಾರ್ಚು, ಒಂದು ಸಣ್ಣ ಪುಸ್ತಕ. ನೀರು ಹಾಕಿದ ದಿನ, ಎಷ್ಟು ಹಾಕಿದ್ದು, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಆ ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅದನ್ನು ಮೆಕ್ಯಾನಿಕ್‌ಗೆ ತೋರಿಸಿದರೆ ಹೆಡ್ ಬಿಚ್ಚಬೇಕೋ, ಕೂಲರ್ ನೋಡಬೇಕೋ, ಬರೀ ಕ್ಲಿಪ್ಪು ಬಿಗಿ ಮಾಡಿದರೆ ಸಾಕೋ ಎಂದು ಹೇಳುವುದು ಅವನಿಗೂ ಸುಲಭವಾಗುತ್ತದೆ.