ಒಂದೇ ಒಂದು ವೋಲ್ಟಿನ ಕಥೆ

ಬೊಮ್ಮಸಂದ್ರದ ಫ್ಯಾಕ್ಟರಿಗಳ ಮಧ್ಯೆ ಪಿಜಿಯಲ್ಲಿರೋ ನಮಗೆ ವೋಲ್ಟೇಜ್ ಅಂದ್ರೆ ಗೋಡೆಯ ಸಾಕೆಟ್ಟಿನ 230 ವೋಲ್ಟೇ ನೆನಪಾಗೋದು. ಆದ್ರೆ ಗ್ರಾಫಿಕ್ಸ್ ಕಾರ್ಡಿನ ಚಿಪ್ ಓಡೋದು ಸುಮಾರು 1 ವೋಲ್ಟಿನಲ್ಲಿ. ಆರ್‌ಟಿಎಕ್ಸ್ 4090 ಕಾರ್ಡಿನ ಪವರ್ 450 ವ್ಯಾಟ್. ವ್ಯಾಟನ್ನ ವೋಲ್ಟಿನಿಂದ ಭಾಗಿಸಿ ನೋಡಿ, ಚಿಪ್ಪಿಗೆ ನೂರಾರು ಆಂಪಿಯರ್ ಹರೀಬೇಕು! ಎಸ್‌ಎಂಪಿಎಸ್ ಕೊಡೋ 12 ವೋಲ್ಟನ್ನು ಇಳಿಸಿ ಅಷ್ಟು ಕರೆಂಟ್ ಒದಗಿಸೋದು ಕಾರ್ಡಿನ ಮೇಲಿರೋ ವಿಆರ್‌ಎಂ.

ಓವರ್‌ಕ್ಲಾಕ್ ಮಾಡಿದ್ರೆ ಟ್ರಾನ್ಸಿಸ್ಟರ್‌ಗಳು ಇನ್ನೂ ಬೇಗ ಆನ್-ಆಫ್ ಆಗ್ಬೇಕು. ಅದಕ್ಕೆ ವೋಲ್ಟೇಜ್ ಏರಿಸ್ತೀವಿ. ತೊಂದರೆ ಏನಂದ್ರೆ, ಪವರ್ ಏರೋದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 1.05 ವೋಲ್ಟನ್ನು 1.10 ಮಾಡಿ, ಕ್ಲಾಕ್ 3% ಏರಿಸಿದ್ರೆ ಪವರ್ ಸುಮಾರು 13% ಜಾಸ್ತಿ. ಆ ಬಿಸಿಯೆಲ್ಲ ಏಪ್ರಿಲ್ ತಿಂಗಳಲ್ಲಿ ನಮ್ಮ ರೂಮಿಗೇ ಬರೋದು.

ಹಾಗಾಗಿ ನಮ್ಮ ಓಟು ಅಂಡರ್‌ವೋಲ್ಟಿಂಗ್‌ಗೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿದ್ರೆ ವೋಲ್ಟೇಜ್-ಕ್ಲಾಕ್ ಗ್ರಾಫ್ ತೆರೆಯುತ್ತೆ. ಅದೇ ಕ್ಲಾಕ್ 0.90 ವೋಲ್ಟಿನಲ್ಲೂ ನಿಂತ್ರೆ, 1.05ಕ್ಕೆ ಹೋಲಿಸಿದಾಗ ಲೆಕ್ಕದ ಪ್ರಕಾರ ಕಾಲು ಭಾಗಕ್ಕಿಂತ ಹೆಚ್ಚು ಪವರ್ ಉಳಿಯುತ್ತೆ. (ಲೀಕೇಜ್ ಕರೆಂಟನ್ನ ಇಲ್ಲಿ ಬಿಟ್ಟಿದ್ದೀವಿ, ವಿಎಲ್‌ಎಸ್‌ಐ ಸೀನಿಯರ್‌ಗಳು ಕ್ಷಮಿಸಿ.) ಒಂದೇ ಮಾಡೆಲ್ ಆದ್ರೂ ಚಿಪ್ಪಿಂದ ಚಿಪ್ಪಿಗೆ ವ್ಯತ್ಯಾಸ ಇರುತ್ತೆ, ಗೆಳೆಯನ ಸೆಟ್ಟಿಂಗ್ ಕಾಪಿ ಹೊಡೆದ್ರೆ ನಡೆಯಲ್ಲ. ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಟೆಸ್ಟ್ ಮಾಡ್ಬೇಕು.

ಗೇಮ್ ಕ್ರ್ಯಾಶ್ ಆದ್ರೆ ಮತ್ತೆ ಆಡಬಹುದು. ಪ್ರಾಜೆಕ್ಟಿಗೆ ರಾತ್ರಿಯೆಲ್ಲ ಮಾಡೆಲ್ ಟ್ರೇನ್ ಮಾಡೋವಾಗ ಹಾಗಲ್ಲ. ವೋಲ್ಟೇಜ್ ಸಾಲದಿದ್ರೆ ಕ್ರ್ಯಾಶೇ ಆಗದೆ ತಪ್ಪು ಲೆಕ್ಕ ಬರಬಹುದು. ಅಂಥ ರಾತ್ರಿ ಕಾರ್ಡನ್ನು ಕಂಪನಿ ಸೆಟ್ಟಿಂಗಿಗೇ ವಾಪಸ್ ಹಾಕಿ, ಪವರ್ ಲಿಮಿಟ್ ಮಾತ್ರ ಇಳಿಸಿ ಮಲಗಿ.