ನೋವು ತಲೆಯಲ್ಲಿಲ್ಲ, ಪಟ್ಟಿ ಎಲ್ಲಿದೆ ನೋಡಿ

ನಗೋದಕ್ಕೂ ಹೆದರಿಕೆ. ಕೆಮ್ಮೋದಕ್ಕೂ ಹೆದರಿಕೆ. ಮದುವೆ ಮನೆಗೆ ಹೋದರೆ ಮೊದಲು ಹುಡುಕೋದು ಊಟದ ಹಾಲ್ ಅಲ್ಲ, ಶೌಚಾಲಯ. ತುಂಬಿದ ಕೊಡ ಎತ್ತಿದರೆ ಸೀರೆ ಒದ್ದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮಂದಿರು, ಅತ್ತೆಯಂದಿರು ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. 'ಎರಡು ಹೆತ್ತ ಮೇಲೆ ಇದೆಲ್ಲಾ ಇದ್ದಿದ್ದೇ' ಅನ್ನೋ ಸಮಾಧಾನ ಬೇರೆ.

ಇದ್ದಿದ್ದೇ ಅಲ್ಲ. ಇದು ತೊಂದರೆ, ಇದಕ್ಕೆ ಚಿಕಿತ್ಸೆ ಇದೆ. ಆದರೆ ಆ ಚಿಕಿತ್ಸೆಗೂ ಒಂದು ಕಥೆ ಇದೆ. ಅದನ್ನು ಪ್ರತಿ ಹೆಣ್ಣುಮಗಳೂ ತಿಳಿದುಕೊಂಡಿರಬೇಕು.

ಮೂತ್ರಕೋಶದಿಂದ ಮೂತ್ರ ಹೊರಬರುವ ನಾಳ ಹೆಂಗಸರಲ್ಲಿ ಬಹಳ ಚಿಕ್ಕದು, ಸುಮಾರು 4 ಸೆಂಟಿಮೀಟರ್. ಅದರ ಕೆಳಗಿನ ಸ್ನಾಯು, ಅಂಗಾಂಶಗಳೇ ಅದಕ್ಕೆ ಆಸರೆ. ಹೆರಿಗೆ, ವಯಸ್ಸು, ತೂಕ ಇವುಗಳಿಂದ ಆಸರೆ ಸಡಿಲವಾದಾಗ, ಕೆಮ್ಮಿದ ಕೂಡಲೇ ಹೊಟ್ಟೆಯ ಒತ್ತಡ ಏರಿ ಮೂತ್ರ ಸೋರುತ್ತದೆ. ಇದಕ್ಕೆ ಮೊದಲ ಮದ್ದು ಆಪರೇಷನ್ ಅಲ್ಲ, ವ್ಯಾಯಾಮ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಈ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ವಿವರಿಸಿದ್ದರು. ತರಬೇತಾದವರ ಮಾರ್ಗದರ್ಶನದಲ್ಲಿ ಕನಿಷ್ಠ 3 ತಿಂಗಳು ಮಾಡಿ ಅಂತ ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ.

ಅದರಿಂದಲೂ ಆಗದಿದ್ದರೆ ಸ್ಲಿಂಗ್. ಸ್ಲಿಂಗ್ ಅಂದ್ರೆ ಏನು? ನಮ್ಮ ಭಾಷೆಯಲ್ಲಿ ಜೋಲಿ. ಸುಮಾರು 1 ಸೆಂಟಿಮೀಟರ್ ಅಗಲದ ಬಲೆಯಂಥ ಪಟ್ಟಿಯನ್ನು ಮೂತ್ರನಾಳದ ನಡುಭಾಗದ ಕೆಳಗೆ ಜೋಲಿಯಂತೆ ಕೂರಿಸುತ್ತಾರೆ. ಪಟ್ಟಿ ಯಾವುದರದ್ದು? ಪಾಲಿಪ್ರೊಪಿಲೀನ್. ಸಿಮೆಂಟು, ಅಕ್ಕಿ ಚೀಲ ನೇಯುವ ಅದೇ ಜಾತಿಯ ಪ್ಲಾಸ್ಟಿಕ್, ಆದರೆ ವೈದ್ಯಕೀಯ ದರ್ಜೆಯದ್ದು. 1990ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಆಸ್ಟ್ರೇಲಿಯಾದ ಪೀಟರ್ ಪೆಟ್ರೋಸ್ ಅವರ ಕೆಲಸದಿಂದ ಇದು ಬಂತು. ಆಪರೇಷನ್ ಚಿಕ್ಕದು. ಆ ಜಾಗ ಮಾತ್ರ ಮರಗಟ್ಟಿಸಿ, ಟೇಬಲ್ ಮೇಲೆ ಮಲಗಿರುವಾಗಲೇ 'ಸ್ವಲ್ಪ ಕೆಮ್ಮಿ' ಅಂತ ಹೇಳಿ, ಸೋರುತ್ತದೆಯೋ ಇಲ್ಲವೋ ನೋಡಿಕೊಂಡು ಪಟ್ಟಿಯನ್ನು ಹೊಂದಿಸುತ್ತಿದ್ದರು. ಜಗತ್ತಿನಾದ್ಯಂತ ಲಕ್ಷಾಂತರ ಹೆಂಗಸರಿಗೆ ಇದನ್ನು ಹಾಕಲಾಯಿತು. ಬಹುಪಾಲು ಜನರಿಗೆ ಗುಣವೂ ಆಯಿತು. ಅದನ್ನು ಮರೆಮಾಚುವಂತಿಲ್ಲ.

ಆದರೆ ಗುಣವಾಗದವರ ಗತಿ? ಕೆಲವರಿಗೆ ಮೂತ್ರ ಕಟ್ಟಿಕೊಂಡಿತು. ಕೆಲವರಿಗೆ ಪದೇಪದೇ ಅವಸರ. ಇನ್ನು ಕೆಲವರಿಗೆ ಕೂತರೂ ನಿಂತರೂ ಬಿಡದ ನೋವು, ದಾಂಪತ್ಯವೇ ಅಸಾಧ್ಯ. ಅವರು ಡಾಕ್ಟರ ಬಳಿ ಹೋದಾಗ ಸಿಕ್ಕ ಉತ್ತರ ಏನು? ಎಲ್ಲಾ ಸರಿ ಇದೆಯಮ್ಮ, ವಯಸ್ಸಾಯ್ತಲ್ಲ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ! ಬ್ರಿಟನ್ನಿನಲ್ಲಿ ಇಂಥ ಹೆಂಗಸರು ಒಗ್ಗೂಡಿ ದನಿಯೆತ್ತಿದರು. 2018ರ ಜುಲೈನಲ್ಲಿ ಅಲ್ಲಿ ಈ ಪಟ್ಟಿಯ ಬಳಕೆಗೇ ತಡೆ ಬಿತ್ತು. 2020ರಲ್ಲಿ ಬ್ಯಾರನೆಸ್ ಜೂಲಿಯಾ ಕಂಬರ್‌ಲೆಜ್ ಅವರ ವರದಿ ಬಂತು. ವರ್ಷಗಟ್ಟಲೆ ಹೆಂಗಸರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನೋದೇ ಆ ವರದಿಯ ಸಾರ.

'ಎಲ್ಲಾ ಸರಿ ಇದೆ' ಅಂತ ಹೇಳೋದು ಯಾಕೆ ಅಷ್ಟು ಸುಲಭವಾಯ್ತು? ಒಂದು ಕಾರಣ, ಪಟ್ಟಿ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ, ಎಂಆರ್‌ಐನಲ್ಲಿ ಕೂಡ ಸರಿಯಾಗಿ ಗುರುತು ಸಿಗುವುದಿಲ್ಲ. ಆದರೆ ನೋಡಿ, ಎಲ್ಲಾ ಊರಲ್ಲೂ ಇರುವ ಅಲ್ಟ್ರಾಸೌಂಡ್ ಯಂತ್ರದಲ್ಲಿ ಅದೇ ಪಟ್ಟಿ ಬೆಳ್ಳಿಗೆರೆಯಂತೆ ಹೊಳೆಯುತ್ತದೆ! ಯಾಕಂದ್ರೆ ಆ ನೇಯ್ಗೆ ಶಬ್ದದ ಅಲೆಗಳನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ.

ಬಸುರಿಯರ ಹೊಟ್ಟೆಯ ಮೇಲೆ ಆಡಿಸುವಂಥದ್ದೇ ಪ್ರೋಬ್. ಅದಕ್ಕೆ ಕವಚ ಹಾಕಿ ಹೊರಭಾಗದಲ್ಲಿ, ಯೋನಿದ್ವಾರದ ಮೇಲೆ ಇಟ್ಟರೆ ಸಾಕು. ಒಳಗೆ ತೂರಿಸಬೇಕಿಲ್ಲ. ವಿಕಿರಣವಿಲ್ಲ. ಎಕ್ಸ್‌ರೇ ಅಥವಾ ಎಂಆರ್‌ಐ ನಿಶ್ಚಲ ಚಿತ್ರವಾದರೆ, ಇದು ನಡೆಯುತ್ತಿರುವ ಸಿನಿಮಾ. ರೋಗಿಗೆ 'ಮುಕ್ಕಿ' ಅಂತ ಹೇಳಿ ಪಟ್ಟಿ ಹೇಗೆ ಅಲುಗುತ್ತದೆ ಅಂತ ಆಗಲೇ ನೋಡಬಹುದು. ವಿಶ್ರಾಂತಿಯಲ್ಲಿ ಹೆಚ್ಚುಕಡಿಮೆ ನೇರವಾಗಿರುವ ಪಟ್ಟಿ, ಮುಕ್ಕಿದಾಗ ಬಾಗಿ ನಾಳಕ್ಕೆ ಆಸರೆ ಕೊಡಬೇಕು. ಸುಮ್ಮನೆ ಮಲಗಿದ್ದಾಗಲೇ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ ನಾಳವನ್ನು ಒತ್ತುತ್ತಿದ್ದರೆ? ಬಿಗಿ ಜಾಸ್ತಿಯಾಗಿದೆ ಅನ್ನೋ ಸುಳಿವು. ಮೂತ್ರ ಕಟ್ಟುವುದಕ್ಕೆ ಕಾರಣ ಅಲ್ಲೇ ಇರಬಹುದು. ನಾಳದ ನಡುವಿನಿಂದ ಜಾರಿ ಮೂತ್ರಕೋಶದ ಕೊರಳ ಹತ್ತಿರ ಹೋಗಿದ್ದರೂ ಗೊತ್ತಾಗುತ್ತದೆ. ಮೂರು ಆಯಾಮದ ಚಿತ್ರ ತೆಗೆದರೆ ಪಟ್ಟಿಯ ತುದಿಗಳು ಮೇಲಕ್ಕೆ ಹೋಗಿವೆಯೋ, ತೊಡೆಯ ಕಡೆ ತಿರುಗಿವೆಯೋ ತಿಳಿಯುತ್ತದೆ. ಅಂದರೆ, ಹಳೇ ಆಪರೇಷನ್ ಚೀಟಿ ಕಳೆದುಹೋಗಿದ್ದರೂ ಯಾವ ಬಗೆಯ ಸ್ಲಿಂಗ್ ಅಂತ ಹೇಳಬಹುದು. ಸಿಡ್ನಿಯ ಹಾನ್ಸ್ ಪೀಟರ್ ಡೀಟ್ಸ್ ಅಂಥವರು ಈ ವಿಧಾನವನ್ನು ಬೆಳೆಸಿದರು.

ಹಾಗಂತ ಇದು ಮಂತ್ರದಂಡವಲ್ಲ. ಮೂಳೆಯ ನೆರಳಿನಲ್ಲಿ, ತೊಡೆಯ ಆಳದಲ್ಲಿ ಹೋಗಿರುವ ಭಾಗ ಕಾಣುವುದಿಲ್ಲ. ನೋಡುವವರಿಗೆ ತರಬೇತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿ ಸರಿಯಾದ ಜಾಗದಲ್ಲಿದ್ದರೂ ನೋವು ನಿಜವಿರಬಹುದು. ನೋವಿಗೆ ಫೋಟೋ ಇಲ್ಲ. ಸ್ಕ್ಯಾನ್ ಚೆನ್ನಾಗಿದೆ ಅಂತ ಹೆಂಗಸನ್ನು ಮತ್ತೆ ಮನೆಗೆ ಕಳಿಸಿದರೆ, ಬ್ರಿಟನ್ನಿನ ಕಥೆಯೇ ಮರುಪ್ರಸಾರ.

ನಮ್ಮಲ್ಲಿ ಸ್ಕ್ಯಾನಿಂಗ್ ಅಂದ ತಕ್ಷಣ ನೆನಪಾಗೋದು ಬಸಿರು, ಮತ್ತೆ ಗೋಡೆ ಮೇಲಿನ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನೋ ಬೋರ್ಡು. ಹೆಣ್ಣನ್ನು ಹುಟ್ಟುವ ಮೊದಲೇ ಹುಡುಕಿ ಕೊಲ್ಲಲು ದುರುಪಯೋಗವಾಯಿತು ಅಂತಲೇ 1994ರಲ್ಲಿ ಕಾನೂನು ತರಬೇಕಾಯಿತು. ಅದೇ ಯಂತ್ರ ಐವತ್ತು ದಾಟಿದ ಹೆಣ್ಣಿನ ನೋವಿಗೆ ಸಾಕ್ಷಿಯೂ ಆಗಬಲ್ಲದು. ಬೇಕಿರೋದು ಕೇಳುವ ಕಿವಿ.

ಸ್ಲಿಂಗ್ ಹಾಕಿಸಿಕೊಳ್ಳುವ ಮೊದಲು ಕೇಳಿ: ವ್ಯಾಯಾಮ ಸಾಕಾಗದೇ? ಯಾವ ಪಟ್ಟಿ? ತೊಂದರೆಯಾದರೆ ತೆಗೆಯುವವರು ಯಾರು? ಆ ಚೀಟಿಯನ್ನು ಜೋಪಾನ ಮಾಡಿ. ಹಾಕಿಸಿಕೊಂಡ ಮೇಲೆ ನೋವಿದ್ದರೆ, 'ಸ್ಲಿಂಗ್ ಎಲ್ಲಿದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡ್ತೀರಾ ಡಾಕ್ಟ್ರೇ?' ಅಂತ ಧೈರ್ಯವಾಗಿ ಕೇಳಿ. ಮನೆಯ ಗಂಡಸರೇ, ನೀವೂ ಜೊತೆಗೆ ಹೋಗಿ. ನಾಚಿಕೆ ಪಡಬೇಕಾದ್ದು ಸೋರುವ ಮೂತ್ರಕ್ಕಲ್ಲ, ಕೇಳಿಸಿಯೂ ಕೇಳದಂತಿರುವ ನಮ್ಮ ಕಿವಿಗಳಿಗೆ.